ಬೆಂಗೇರಿಯ ಬಾವುಟ

ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಸಿದ್ಧವಾದ ಈ ತ್ರಿವರ್ಣಧ್ವಜವನ್ನು ಕ್ಷಣಕಾಲ ದಿಟ್ಟಿಸಿ ನೋಡಿರಿ. ಇದಕ್ಕೆ ನೀವು ತೆರುವ ಹಣವು ಹತ್ತಿ ಬೆಳೆದ ರೈತನಿಗೆ, ನೂಲು ತೆಗೆದವಳಿಗೆ, ಬಾಗಲಕೋಟೆ ಸೀಮೆಯ ತುಳಸಿಗೇರಿಯಲ್ಲಿ ಮಗ್ಗದ ಮುಂದೆ ಕುಳಿತವರಿಗೆ, ಬಣ್ಣ ಹಾಕಿದವರಿಗೆ, ಕಟ್ಟಕಡೆಗೆ ಅಶೋಕಚಕ್ರವನ್ನು ಅಚ್ಚೊತ್ತಿ ಅಂಚು ಹೊಲಿದ ಹೆಣ್ಣುಮಕ್ಕಳಿಗೆ ಕೂಲಿಯಾಗಿ ಹಂಚಿಹೋಗಿ, ಅವರ ಕೈಯಿಂದ ಅದೇ ಊರಿನ ಕಿರಾಣಿ ಅಂಗಡಿಗೂ ಮಕ್ಕಳ ಶಾಲೆಯ ಶುಲ್ಕಕ್ಕೂ ಸಂದು, ಒಂದೇ ರೂಪಾಯಿ ಹಲವು ಮನೆಗಳ ಒಲೆಯನ್ನು ಹೊತ್ತಿಸುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯ ತಿದ್ದುಪಡಿಯಿಂದ ಯಂತ್ರನಿರ್ಮಿತ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ದೊರೆಯಿತು. ಅದು ಅಗ್ಗವೆಂಬುದು ದಿಟ. ಆದರೆ ಖಾದಿಗೆ ನಾವು ಅಧಿಕವಾಗಿ ಕೊಡುವ ಆ ಬೆಲೆಯ ಬಹುಭಾಗವು ಮನುಷ್ಯರ ಕೈದುಡಿಮೆಯ ವೇತನವೇ ಆಗಿರುವುದರಿಂದ, ಅದನ್ನು ನಷ್ಟವೆಂದೆಣಿಸಲು ನನ್ನ ಮನಸ್ಸು ಒಪ್ಪದು.