ಧ್ವಜ ಹೊದಿಸದ ಶವಪೆಟ್ಟಿಗೆ

ಕಾಂಟ್ರ್ಯಾಕ್ಟ್ ಕೆಲಸ ಅಂದರೇನು ಎಂದು ನಮ್ಮಂಥ ಐಟಿ ಮಂದಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಾಡುವ ಕೆಲಸ ಒಂದೇ, ಕೊರಳಿನ ಬ್ಯಾಡ್ಜಿನ ಬಣ್ಣ ಮಾತ್ರ ಬೇರೆ. ವಿಮೆಯ ಮಾತು ಬಂದಾಗ ಆ ಬಣ್ಣದ ಅರ್ಥ ತಿಳಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಿಮಾನಗಳನ್ನು ಹಾರಿಸಿದ ಹೆಣ್ಣುಮಕ್ಕಳ ಬಗ್ಗೆ ಓದುವಾಗ ನನಗೆ ನೆನಪಾದದ್ದು ಆ ಬ್ಯಾಡ್ಜೇ.

ಅವರ ಪಡೆಯ ಹೆಸರು 'ವಾಸ್ಪ್'. ಗಂಡು ಪೈಲಟ್‌ಗಳು ಯುದ್ಧಭೂಮಿಗೆ ಹೋಗಲು ಅನುಕೂಲವಾಗಲೆಂದು 1943ರಲ್ಲಿ ಕಟ್ಟಿದ್ದು. ಮುಖ್ಯಸ್ಥೆ ಜಾಕ್ವೆಲಿನ್ ಕಾಕ್ರನ್. ಅರ್ಜಿ ಹಾಕಿದವರು 25,000ಕ್ಕೂ ಹೆಚ್ಚು, ಟೆಕ್ಸಸ್‌ನಲ್ಲಿ ತರಬೇತಿ ಮುಗಿಸಿದವರು 1,074. ವಿಮಾನ ಹಾರಿಸಲು ಮೊದಲೇ ಕಲಿತಿರಬೇಕಿತ್ತು. ಅಲ್ಲಿಗೆ ಹೋಗುವ ಖರ್ಚೂ ಅವರದೇ.

ಕಾರ್ಖಾನೆಯಿಂದ ಹೊರಬಂದ ಹೊಸ ವಿಮಾನಗಳನ್ನು ಸೇನಾನೆಲೆಗಳಿಗೆ ತಲುಪಿಸುವುದು, ರಿಪೇರಿಯಾದವನ್ನು ಹಾರಿಸಿ ಪರೀಕ್ಷಿಸುವುದು ಅವರ ಕೆಲಸ. ಇನ್ನೊಂದು ಕೆಲಸ ಕೇಳಿದರೇ ಎದೆ ಝಲ್ಲೆನ್ನುತ್ತದೆ. ವಿಮಾನದ ಹಿಂದೆ ಉದ್ದನೆಯ ಬಟ್ಟೆಯ ಗುರಿ ಕಟ್ಟಿಕೊಂಡು ಹಾರಬೇಕು. ಗುಂಡು ಹೊಡೆಯಲು ಇನ್ನೂ ಕಲಿಯುತ್ತಿರುವ ಹುಡುಗರು ಕೆಳಗಿನಿಂದ ಅದಕ್ಕೆ ನಿಜವಾದ ಗುಂಡು ಹಾರಿಸುತ್ತಾರೆ!

1944ರಲ್ಲಿ ಬಿ-29 ಬಾಂಬರ್ ಎಂದರೆ ಗಂಡಸರೇ ಹಿಂಜರಿಯುತ್ತಿದ್ದರು, ಇಂಜಿನ್‌ಗೆ ಬೆಂಕಿ ಹತ್ತುತ್ತದೆಂಬ ಭಯ. ಮುಂದೆ ಹಿರೋಷಿಮಾ ಮೇಲೆ ಬಾಂಬ್ ಹಾಕಿದ ವಿಮಾನ ನಡೆಸಿದ ಪಾಲ್ ಟಿಬೆಟ್ಸ್, ಡೋರಾ ಡೌಘರ್ಟಿ ಮತ್ತು ಡೊರೊಥಿಯಾ ಜಾನ್ಸನ್ ಎಂಬ ಇಬ್ಬರು ವಾಸ್ಪ್‌ಗಳಿಗೆ ಕೆಲವೇ ದಿನಗಳಲ್ಲಿ ಅದನ್ನು ಕಲಿಸಿ ಎಲ್ಲರೆದುರು ಹಾರಿಸಿ ತೋರಿಸಿದ. ಆಮೇಲೆ ಗಂಡಸರ ಗೊಣಗಾಟ ನಿಂತಿತಂತೆ. ನಿಲ್ಲದೆ ಇನ್ನೇನು!

ಕರ್ತವ್ಯದಲ್ಲಿ ಸತ್ತವರು 38 ಮಂದಿ. ದಾಖಲೆಯಲ್ಲಿ ಅವರು ಸೈನಿಕರಲ್ಲ, ನಾಗರಿಕ ನೌಕರರು. ಹಾಗಾಗಿ ಸೇನೆಯ ವಿಮೆಯಿಲ್ಲ, ಶವಪೆಟ್ಟಿಗೆಗೆ ಹೊದಿಸಲು ಧ್ವಜದ ಹಕ್ಕೂ ಇಲ್ಲ. ಶವ ಊರಿಗೆ ಕಳಿಸಲು ಸಂಗಾತಿಗಳು ಚಂದಾ ಎತ್ತಿದ್ದೂ ಉಂಟು. ಸೇನೆಗೆ ಸೇರಿಸಿಕೊಳ್ಳುವ ಮಸೂದೆ 1944ರ ಜೂನ್‌ನಲ್ಲಿ ಬಿದ್ದುಹೋಯಿತು. ಡಿಸೆಂಬರ್ 20ಕ್ಕೆ ಪಡೆಯೇ ವಿಸರ್ಜನೆಯಾಯಿತು.

ಮೂವತ್ತು ವರ್ಷಗಳ ನಂತರ ಅಮೆರಿಕದ ವಾಯುಪಡೆ, ಮೊದಲ ಬಾರಿಗೆ ಮಹಿಳೆಯರಿಗೆ ಸೇನಾ ವಿಮಾನ ಹಾರಿಸಲು ಕಲಿಸುತ್ತಿದ್ದೇವೆ ಎಂದು ಹೇಳಿಕೊಂಡಿತು. ಅಷ್ಟು ಹೊತ್ತಿಗೆ ಅಜ್ಜಿಯರಾಗಿದ್ದ ವಾಸ್ಪ್‌ಗಳು ಕೆರಳಿದರು. ಅವರ ಹೋರಾಟದಿಂದ 1977ರಲ್ಲಿ ಮಾಜಿ ಸೈನಿಕರೆಂಬ ಮಾನ್ಯತೆ ದೊರೆಯಿತು.

ಅದೂ ಪೂರ್ತಿಯಲ್ಲ. ವಾಸ್ಪ್ ಪೈಲಟ್ ಎಲೇನ್ ಹಾರ್ಮನ್ 2015ರಲ್ಲಿ ತೀರಿಕೊಂಡಾಗ, ಅವರ ಕೊನೆಯಾಸೆಯಂತೆ ಆರ್ಲಿಂಗ್ಟನ್ ಸೇನಾ ಸ್ಮಶಾನದಲ್ಲಿ ಜಾಗ ಕೊಡಲು ಸೇನೆ ಒಪ್ಪಲಿಲ್ಲ. ಚಿತಾಭಸ್ಮ ಮನೆಯ ಬೀರುವಿನಲ್ಲೇ ಉಳಿಯಿತು. ಮೊಮ್ಮಕ್ಕಳು ಸಹಿ ಸಂಗ್ರಹಿಸಿದರು, ಸಂಸತ್ತಿನ ಬಾಗಿಲು ತಟ್ಟಿದರು. ಹೊಸ ಕಾನೂನಿಗೆ 2016ರ ಮೇ ತಿಂಗಳಲ್ಲಿ ಒಬಾಮಾ ಸಹಿ ಹಾಕಿದರು. ಸೆಪ್ಟೆಂಬರ್‌ನಲ್ಲಿ ಅಜ್ಜಿಯ ಚಿತಾಭಸ್ಮ ಸೇನಾ ಗೌರವದೊಂದಿಗೆ ಆರ್ಲಿಂಗ್ಟನ್ ಸೇರಿತು.