ಅಫಿಡವಿಟ್: ಒಂದು ಲ್ಯಾಟಿನ್ ಕ್ರಿಯಾಪದದ ಕನ್ನಡ ಬಳಕೆ

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ನವನಗರದಲ್ಲಿ 2009ರಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದಕ್ಕೂ ಒಂದು ವರ್ಷ ಮೊದಲು ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭಗೊಂಡು, 2013ರಲ್ಲಿ ಅದು ಕಾಯಂ ಪೀಠವಾಯಿತು. ಕಾನೂನಿನ ಮಾತು ಹೀಗೆ ನೆಲೆಯೂರಿದ ಈ ಅವಳಿನಗರದಲ್ಲಿ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲಿಯೂ ಸರಾಗವಾಗಿ ಬರುವ ಲ್ಯಾಟಿನ್ ಪದವೆಂದರೆ ‘ಅಫಿಡವಿಟ್’.

ಮಧ್ಯಯುಗದ ಲ್ಯಾಟಿನ್ನಿನಲ್ಲಿ ಇದು ನಾಮಪದವಲ್ಲ, ಪೂರ್ಣ ಕ್ರಿಯಾಪದ. ‘ಆತನು ಪ್ರಮಾಣಮಾಡಿ ಹೇಳಿದ್ದಾನೆ’ ಎಂಬ ಇಡೀ ವಾಕ್ಯ ಆ ಒಂದೇ ಪದದಲ್ಲಿದೆ. ಅದರ ಮೂಲದಲ್ಲಿರುವ ‘ಫಿದೆಸ್’ ಎಂಬುದಕ್ಕೆ ನಂಬಿಕೆ ಎಂದರ್ಥ. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವ ವೇಳೆಗೆ ಅದು ಕಾಗದದ ಹೆಸರಾಗಿತ್ತು. ಕನ್ನಡ ಅದಕ್ಕೆ ಉಕಾರ ಸೇರಿಸಿ ‘ಟಿಕೆಟ್ಟು’, ‘ಬಜೆಟ್ಟು’ಗಳ ಸಾಲಿನಲ್ಲಿ ‘ಅಫಿಡವಿಟ್ಟು’ ಮಾಡಿಕೊಂಡಿತು. ‘ಅಫಿಡವಿಟ್ಟಿನಲ್ಲಿ’, ‘ಅಫಿಡವಿಟ್ಟುಗಳು’ ಎಂದು ವಿಭಕ್ತಿ, ವಚನಗಳು ಸಹಜವಾಗಿ ಹತ್ತಿದವು. ‘ಪ್ರಮಾಣಪತ್ರ’ ಎಂಬ ಪರ್ಯಾಯ ಇದ್ದೂ ಇದನ್ನು ಹಿಂದಿಕ್ಕಲಿಲ್ಲ. ಜಾತಿ, ಆದಾಯ, ಜನನಗಳ ದಾಖಲೆಗಳೂ ಪ್ರಮಾಣಪತ್ರಗಳೇ ಆಗಿರುವುದು ಇದಕ್ಕೊಂದು ಕಾರಣವಿರಬೇಕು. ಚುನಾವಣಾ ಅಭ್ಯರ್ಥಿಗಳು ಆಸ್ತಿ ಹಾಗೂ ಮೊಕದ್ದಮೆಗಳ ವಿವರ ನೀಡಬೇಕೆಂಬ ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳ ನಂತರ ಪತ್ರಿಕೆಗಳು ಈ ಪದವನ್ನು ಮತ್ತಷ್ಟು ಬಳಕೆಗೆ ತಂದವು.

ನಾಮಪದವಾದ ಮೇಲೆ ಅದಕ್ಕೊಂದು ಕ್ರಿಯೆ ಬೇಕಾಯಿತು. ಪತ್ರಿಕೆಯವರು ಅಫಿಡವಿಟ್ ‘ಸಲ್ಲಿಸಿದರು’ ಎಂದು ಬರೆಯುತ್ತಾರೆ, ವಕೀಲರು ‘ಹಾಕುತ್ತಾರೆ’. ಜನರ ಮಾತಿನಲ್ಲಿ ಮಾತ್ರ ಅದು ‘ಮಾಡಿಸುವ’ ವಸ್ತು: “ಅಫಿಡವಿಟ್ ಮಾಡಿಸ್ಕೊಂಡ ಬರ್ರಿ.” ಇದನ್ನು ಜನಪದರ ‘ಆಣೆ’ಯೊಡನೆ ಹೋಲಿಸಿದರೆ ಬಳಕೆಯ ಒಳಗುಟ್ಟು ತಿಳಿಯುತ್ತದೆ. ‘ಆಣೆ’ಯೂ ಅಚ್ಚಗನ್ನಡವಲ್ಲ, ಸಂಸ್ಕೃತ ‘ಆಜ್ಞಾ’ ಪ್ರಾಕೃತದ ಹಾದಿಯಲ್ಲಿ ಬಂದ ತದ್ಭವ. ಆದರೆ “ತಾಯಿ ಆಣಿ ಮಾಡ್ತೀನಿ” ಎನ್ನುವವನು ತಾನೇ ಕರ್ತೃ. ಭಂಡಾರ ಮುಟ್ಟಿ ಆಡಿದ ಮಾತು ಸುಳ್ಳಾದರೆ ಕೇಡು ತನಗೇ ತಟ್ಟುವುದೆಂದು ಆತ ಬಲ್ಲ. ‘ಆಣೆ ಮಾಡಿಸು’ ಎಂದರೆ ಇನ್ನೊಬ್ಬನಿಂದ ಪ್ರಮಾಣ ಮಾಡಿಸುವುದು. ‘ಅಫಿಡವಿಟ್ ಮಾಡಿಸು’ ಎಂಬಲ್ಲಿಯಾದರೋ ಪ್ರಮಾಣ ಮಾಡುವವನೇ ಪ್ರೇರಕನಾಗುತ್ತಾನೆ. ‘ಮಾಡುವವರು’ ಟೈಪಿಸ್ಟರು, ನೋಟರಿಗಳು. ಅಂಗಿ ಹೊಲಿಸಿದಂತೆ ಕಾಗದವೂ ಬೇರೆಯವರ ಕೈಕೆಲಸ.

ವ್ಯಾಕರಣದ ಈ ಪಲ್ಲಟ ಕೇವಲ ಮಾತಿನ ಚಮತ್ಕಾರವಲ್ಲ. ಕಾಗದದ ಒಳಗೆ “ನಾನು ಸತ್ಯವಾಗಿ ಪ್ರಮಾಣಮಾಡಿ ಹೇಳುವುದೇನೆಂದರೆ” ಎಂದು ಉತ್ತಮ ಪುರುಷದ ವಾಕ್ಯವಿರುತ್ತದೆ. ಹೆಬ್ಬೆಟ್ಟು ಒತ್ತಿದವರು ಅದನ್ನು ಎಷ್ಟೋ ವೇಳೆ ಉಚ್ಚರಿಸಿಯೇ ಇರುವುದಿಲ್ಲ. ಓದು ಬಾರದವರಿಗೆ ಒಕ್ಕಣೆಯನ್ನು ಓದಿ ಹೇಳಿ ತಿಳಿಯಪಡಿಸಬೇಕು ಎಂಬ ಕ್ರಮ ಇರುವುದು ಇದಕ್ಕಾಗಿಯೇ. ಅವಸರದಲ್ಲಿ ಅದು ಬರಿಯ ಒಂದು ಸಾಲಾಗಿ ಉಳಿದರೆ ಹೊಣೆ ಮಾತ್ರ ಕುಗ್ಗುವುದಿಲ್ಲ. ನ್ಯಾಯಾಂಗ ವ್ಯವಹರಣೆಯಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಸಾಕ್ಷ್ಯ ನೀಡಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಭಾರತೀಯ ದಂಡಸಂಹಿತೆಯ 193ನೆಯ ಕಲಮಿನಲ್ಲಿದ್ದ ಈ ವಿಧಿ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 229ನೆಯ ಕಲಮಿನಲ್ಲಿ ಮುಂದುವರಿದಿದೆ. ಕಲಮು ಹಿಡಿಯುವುದು ಟೈಪು ಮಾಡಿದವನನ್ನಲ್ಲ, ‘ಮಾಡಿಸಿದವನನ್ನು’. “ಆಣಿ ಮಾಡ್ತೀರೇನು?” ಎಂದು ಕೇಳಿದರೆ ಹಿಂಜರಿಯುವ ಹಿರಿಯರು ಅಫಿಡವಿಟ್ಟಿಗೆ ಹಿಂಜರಿಯದೆ ರುಜು ಹಾಕುವುದಕ್ಕೆ ಅವರ ಸತ್ಯನಿಷ್ಠೆ ಸಡಿಲಾದುದು ಕಾರಣವಲ್ಲ. ಎರಡೂ ಒಂದೇ ಕ್ರಿಯೆಯೆಂದು ಆ ಪದ ಅವರಿಗೆ ಹೇಳುವುದಿಲ್ಲ.