ಬಾಲಾಪರಾಧಿಗಳೂ ನಮ್ಮ ಶಾಸನವೂ

ತಪ್ಪು ಮಾಡಿದ ಬಾಲಕನನ್ನು ಸೆರೆಮನೆಗೆ ನೂಕುವುದಕ್ಕಿಂತ ತಿದ್ದುವುದೇ ಲೇಸೆಂಬ ತತ್ತ್ವವನ್ನು ಪರಕೀಯ ಸರ್ಕಾರದವರು ಸಹ ಒಪ್ಪಿದ್ದರು. ಶಿಕ್ಷೆಗೆ ಗುರಿಯಾದ 15 ವರ್ಷದೊಳಗಿನ ಹುಡುಗರನ್ನು ಕಾರಾಗೃಹಕ್ಕೆ ಬದಲಾಗಿ ಸುಧಾರಣಾ ಶಾಲೆಗೆ ಕಳುಹಿಸಲು 1897ರ ಕಾಯಿದೆಯು ಅವಕಾಶವಿತ್ತಿತು. 1920ರಲ್ಲಿ ಮದರಾಸು ಪ್ರಾಂತ್ಯವು ಮಕ್ಕಳಿಗಾಗಿಯೇ ಪ್ರತ್ಯೇಕ ಶಾಸನವನ್ನು ಮಾಡಿತು. ಸ್ವತಂತ್ರ ಭಾರತವು ಇದೇ ಮಾರ್ಗದಲ್ಲಿ ಮುಂದುವರಿದು, 2000ದ ಕಾಯಿದೆಯಿಂದ 18 ವರ್ಷ ತುಂಬದ ಬಾಲಕ ಬಾಲಿಕೆಯರೆಲ್ಲರಿಗೂ ಈ ರಕ್ಷಣೆಯನ್ನು ನೀಡಿತು.

2012ರಲ್ಲಿ ದೆಹಲಿಯಲ್ಲಿ ನಡೆದ ಘೋರಕೃತ್ಯದ ಅಪರಾಧಿಗಳಲ್ಲೊಬ್ಬನು 18 ತುಂಬದವನಾಗಿದ್ದನು. ಅವನಿಗೆ ವಿಧಿಸಬಹುದಾಗಿದ್ದುದು ವಿಶೇಷ ಗೃಹದಲ್ಲಿ 3 ವರ್ಷಗಳ ವಾಸ ಮಾತ್ರ. ಜನರು ಕೆರಳಿದುದು ಸಹಜವೇ. ವಯೋಮಿತಿಯನ್ನು ಇಳಿಸಲಾಗದೆಂದು ನ್ಯಾಯಮೂರ್ತಿ ವರ್ಮಾ ಸಮಿತಿಯು 2013ರಲ್ಲಿ ಅಭಿಪ್ರಾಯಪಟ್ಟರೂ, ಪಾರ್ಲಿಮೆಂಟು 2015ರಲ್ಲಿ ಹೊಸ ಕಾಯಿದೆಯನ್ನು ಮಾಡಿತು. ಕನಿಷ್ಠ 7 ವರ್ಷಗಳ ಸಜೆಯುಳ್ಳ ಅಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರನ್ನು ವಯಸ್ಕರಂತೆಯೇ ವಿಚಾರಣೆಗೆ ಗುರಿಪಡಿಸಬಹುದೆಂದು ಅದರಲ್ಲಿ ವಿಧಿಸಲಾಯಿತು.

ಯಾರನ್ನು ಹಾಗೆ ವಿಚಾರಿಸತಕ್ಕದ್ದು? ಇದಕ್ಕೆ 15ನೆಯ ಪ್ರಕರಣವು ಪ್ರಾಥಮಿಕ ಪರಿಶೀಲನೆಯೊಂದನ್ನು ಗೊತ್ತುಮಾಡಿದೆ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಉಳ್ಳ ಮಂಡಲಿಯು ಬಾಲಕನ ಮಾನಸಿಕ ಮತ್ತು ಶಾರೀರಿಕ ಶಕ್ತಿ, ಪರಿಣಾಮವನ್ನರಿಯುವ ಬುದ್ಧಿ, ಕೃತ್ಯ ನಡೆದ ಸಂದರ್ಭ ಇವನ್ನು ಅಳೆಯಬೇಕು. ಮಕ್ಕಳ ನ್ಯಾಯಾಲಯವು ಮತ್ತೊಮ್ಮೆ ವಿಚಾರಮಾಡಬಹುದಾದರೂ, ದಾರಿಯು ಕವಲೊಡೆಯುವುದು ಇಲ್ಲಿಯೇ. ಒಂದು ಕಡೆ ಹೆಚ್ಚೆಂದರೆ 3 ವರ್ಷಗಳ ತಿದ್ದುಪಾಡು; ಇನ್ನೊಂದು ಕಡೆ 21 ತುಂಬಿದ ಬಳಿಕ ಸೆರೆಮನೆಯ ಬಾಗಿಲು ತೆರೆಯಬಹುದು.

ಮನಸ್ಸನ್ನು ಅಳೆಯುವ ಇಷ್ಟು ಗುರುತರವಾದ ಕಾರ್ಯದಲ್ಲಿ ಮಂಡಲಿಯು ಮನೋವಿಜ್ಞಾನಿಗಳ ನೆರವನ್ನು "ಪಡೆಯಬಹುದು" ಎಂದಷ್ಟೇ ಕಾಯಿದೆಯು ಹೇಳುತ್ತದೆ! ಮಂಡಲಿಯಲ್ಲಿ ಮಕ್ಕಳ ಮನೋವಿಜ್ಞಾನವನ್ನು ಬಲ್ಲವರಿಲ್ಲದಿದ್ದರೆ ಈ ನೆರವು ಕಡ್ಡಾಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತು ಉಪಕರಿಸಿದೆ. ಆದರೆ ಬಾಲಕನ ಭವಿಷ್ಯವು ತೀರ್ಪಿನ ವ್ಯಾಖ್ಯಾನವನ್ನು ಅವಲಂಬಿಸಿರುವುದು ಸಾಲದು. "ಪಡೆಯಬಹುದು" ಎಂಬಲ್ಲಿ "ಪಡೆಯತಕ್ಕದ್ದು" ಎಂದು ಶಾಸನವನ್ನೇ ತಿದ್ದಬೇಕು. ತಜ್ಞರನ್ನು ಪ್ರತಿ ಜಿಲ್ಲೆಗೂ ಒದಗಿಸುವ ಹೊಣೆಯನ್ನು ಸರ್ಕಾರವು ಹೊರಬೇಕು. ಇಲ್ಲವಾದರೆ ತಜ್ಞರ ಶುಲ್ಕವನ್ನು ತೆರಬಲ್ಲ ಮನೆಯ ಹುಡುಗನಿಗೊಂದು ನ್ಯಾಯ, ಕೂಲಿಯವನ ಮಗನಿಗೊಂದು ನ್ಯಾಯವಾದೀತು.

ನೊಂದವರ ಸಂಕಟವನ್ನು ಮರೆಯಿರೆಂದು ನಾವು ಹೇಳುವುದಿಲ್ಲ. ಅಪರಾಧಿಯು ಇನ್ನೊಮ್ಮೆ ಅಂಥ ಕೃತ್ಯಕ್ಕೆ ಕೈಹಾಕದಂತೆ ಮಾಡುವುದೇ ಅವರಿಗೂ ಸಮಾಜಕ್ಕೂ ನಿಜವಾದ ರಕ್ಷಣೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಮ್ಮ ಹಿರಿಯರು ಕೇಳಿದರು. ಗಿಡವನ್ನು ಬಗ್ಗಿಸಲೆತ್ನಿಸದೆ ಮರವೆಂದು ಕರೆದು ಕಡಿಯುವುದು ನ್ಯಾಯವಲ್ಲ. ಪಾರ್ಲಿಮೆಂಟಿನ ಸದಸ್ಯರು ಪಕ್ಷಭೇದವನ್ನು ಬದಿಗಿರಿಸಿ ಈ ಒಂದು ಪದವನ್ನು ಬದಲಾಯಿಸಲು ಮುಂದಾಗುವರೆಂದು ನಾವು ಆಶಿಸುತ್ತೇವೆ.